ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೋ, ಊದುವ ಪೀಕ್ ಫ್ಲೋ ಮೀಟರೋ?

ನನಗೆ ಆಸ್ತಮಾ. ಅಪ್ಪನಿಗೆ ಸಿಒಪಿಡಿ ಅನ್ನುವ, ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬೀಡಿ ಬಿಟ್ಟರೂ ದಮ್ಮು ಬಿಟ್ಟಿಲ್ಲ. ಹಾಗಾಗಿ ನಮ್ಮನೆಯಲ್ಲಿ ಎರಡೂ ಇವೆ.

ಆಕ್ಸಿಮೀಟರ್ ಸುಲಭ. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೆರಳಿನೊಳಗೆ ಹಾಯಿಸಿ, ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅಂತ ಹೇಳುತ್ತದೆ. ಆದರೆ ಅವಸರ ಮಾಡಬಾರದು. ಚಳಿಯಲ್ಲಿ ಅಪ್ಪನ ತಣ್ಣನೆ ಬೆರಳಿಗೆ ಹಾಕಿದರೆ ಮೊದಲು 84 ತೋರಿಸಿ ಗಾಬರಿ ಹುಟ್ಟಿಸುತ್ತದೆ. ಕೈ ಉಜ್ಜಿ, ಅಲ್ಲಾಡಿಸದೆ ಸ್ವಲ್ಪ ಹೊತ್ತು ಕೂತರೆ 91ಕ್ಕೆ ಬಂದು ನಿಲ್ಲುತ್ತದೆ. ನೇಲ್ ಪಾಲಿಶ್ ಇದ್ದರೆ ಒರೆಸಬೇಕು. ಕಪ್ಪು ಮೈಬಣ್ಣದವರಿಗೆ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು.

ನನ್ನ ಆಸ್ತಮಾಗೆ ಮಾತ್ರ ಇದು ಕೆಲಸಕ್ಕೆ ಬಾರದು. ಎದೆ ಸುಂಯ್‌ಗುಟ್ಟಿ ಮೆಟ್ಟಿಲು ಹತ್ತಲಾಗದೆ ಕೂತಾಗಲೂ 97 ಅನ್ನುತ್ತದೆ! ಉಸಿರುನಾಳ ಬಿಗಿದಾಗ ಮೈ ಬೇಗ ಬೇಗ ಉಸಿರಾಡಿ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಆ ಅಂಕಿ ಇಳಿಯುವಷ್ಟರಲ್ಲಿ ಆಸ್ಪತ್ರೆಗೆ ಓಡುವ ಹೊತ್ತು. ಆಕ್ಸಿಮೀಟರ್ 97 ಅಂದ ಅದೇ ಹೊತ್ತಲ್ಲಿ, ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್‌ನ ಮುಳ್ಳು ಸೊನ್ನೆಗೆ ತಂದು, ಎದ್ದು ನಿಂತು, ತುಟಿ ಬಿಗಿಹಿಡಿದು ಒಂದೇ ಸಲಕ್ಕೆ ಜೋರಾಗಿ ಊದಿದೆ. ಚೆನ್ನಾಗಿದ್ದಾಗ ನಿಮಿಷಕ್ಕೆ 420 ಲೀಟರ್ ಬರುವುದು 290ಕ್ಕೆ ನಿಂತಿತ್ತು. ಮೂರು ಸಲ ಊದಿ ದೊಡ್ಡದನ್ನು ಬರೆದುಕೊಳ್ಳಬೇಕು. ನಮ್ಮದೇ ಅತಿ ಹೆಚ್ಚಿನ ಅಂಕಿಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, ಅದಕ್ಕೂ ಕೆಳಗೆ ಕೆಂಪು. ಹಳದಿ ಅಂದರೆ ಡಾಕ್ಟರ್ ಬರೆದುಕೊಟ್ಟ ಪ್ಲಾನ್ ಪ್ರಕಾರ ಇನ್ಹೇಲರ್ ಶುರು.

ಅಪ್ಪನ ಕೈಗೆ ಅದನ್ನು ಕೊಟ್ಟರೆ ಊದುವುದಕ್ಕಿಂತ ಕೆಮ್ಮುವುದೇ ಜಾಸ್ತಿ. ಸಿಒಪಿಡಿಯಲ್ಲಿ ಅದರ ಅಂಕಿ ಹೇಳುವುದೂ ಕಮ್ಮಿ. ಅವರಿಗೆ ಆಕ್ಸಿಮೀಟರೇ ಸರಿ. 88ರಿಂದ 92ರೊಳಗೆ ಇರಲಿ ಅಂತ ಡಾಕ್ಟರ್ ಹೇಳಿದ್ದಾರೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅನ್ನಿಸುತ್ತದೆ. ಆದರೆ ಒಮ್ಮೆ ಆಕ್ಸಿಜನ್ ಜಾಸ್ತಿ ಇಟ್ಟು ಬೆರಳು 96 ಅನ್ನುತ್ತಿದ್ದಾಗಲೇ ಅಪ್ಪ ಮಂಪರಿಗೆ ಜಾರಿದ್ದರು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತ್ತು. ಆಕ್ಸಿಮೀಟರ್ ಅದನ್ನು ನೋಡುವುದೇ ಇಲ್ಲ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಅದರಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆಯಲ್ಲೇ ಅದು ಗೊತ್ತಾಗಿದ್ದು. ಆ ಸೂಜಿ ಮಾಮೂಲಿ ರಕ್ತಪರೀಕ್ಷೆಗಿಂತ ಚೆನ್ನಾಗೇ ನೋಯುತ್ತದೆ.

ಕಾಯಿಲೆ ಯಾವುದು ಅಂತ ಖಚಿತ ಮಾಡಿಕೊಳ್ಳಲು ಇವೆರಡೂ ಸಾಲದು, ಎಷ್ಟು ಗಾಳಿ ಎಷ್ಟು ಬೇಗ ಊದುತ್ತೇವೆ ಅಂತ ಅಳೆಯುವ ಸ್ಪೈರೋಮೆಟ್ರಿ ಆಗಲೇಬೇಕು. ಅಪ್ಪನಿಗೆ ಎಬಿಜಿ ಸೂಜಿ ಬೇಕಾದರೂ ಪರವಾಗಿಲ್ಲವಂತೆ. "ಊದು, ಊದು, ಇನ್ನೂ ಊದು" ಅಂತ ಆರು ಸೆಕೆಂಡ್ ಊದಿಸುವ ಟೆಕ್ನಿಷಿಯನ್ ಅಂದರೆ ಆಗಲ್ಲ.