ಒಂದೇ ಹೂರಣ, ಮೂರು ಕಣಕ

ಕಳೆದ ಚೌತಿಗೆ ನಾನು ಮಾಡಿದ 21 ಮೋದಕಗಳಲ್ಲಿ 13 ಹಬೆಯಲ್ಲೇ ಬಾಯಿ ಬಿಟ್ಟಿದ್ದವು. ಬೆಲ್ಲವೆಲ್ಲ ಇಡ್ಲಿ ತಟ್ಟೆಯ ತೂತುಗಳಿಂದ ಸೋರಿ, ಪಾತ್ರೆಯ ತಳದಲ್ಲಿದ್ದ ನೀರು ಪಾನಕವಾಗಿತ್ತು. ನೆಟ್ಟಗಿದ್ದ ಎಂಟನ್ನು ನೈವೇದ್ಯಕ್ಕೆ ಆಯ್ದುಕೊಂಡೆ. ‘ಒಡೆದದ್ದೇ ರುಚಿ, ನನಗೆ ಅದನ್ನೇ ಹಾಕಮ್ಮ’ ಎಂದು ಅತ್ತೆ ತಟ್ಟೆ ಮುಂದೆ ಮಾಡಿದರು. ಅದು ಸಮಾಧಾನವೋ ಚುಚ್ಚೋ ಇವತ್ತಿಗೂ ತಿಳಿದಿಲ್ಲ.

ಹಾಗಾಗಿ ಈ ಸಲ ಹಬ್ಬಕ್ಕೆ ಮೊದಲೇ ಮೂರು ಭಾನುವಾರ ಕೂತು, ಮೂರು ಬಗೆಯ ಕಣಕ ಮಾಡಿ ನೋಡಿದೆ. ಹೂರಣ ಮಾತ್ರ ಬದಲಾಗಲಿಲ್ಲ: 2 ಬಟ್ಟಲು ತೆಂಗಿನತುರಿ, 1 ಬಟ್ಟಲು ಬೆಲ್ಲ, ಏಲಕ್ಕಿ, ಹುರಿದ ಗಸಗಸೆ ಒಂದು ಚಮಚ. ತಳ ಬಿಡುವಷ್ಟಾದರೆ ಸಾಕು, ಒಲೆಯಿಂದ ಇಳಿಸಬೇಕು. ಇನ್ನೂ ಕಾಯಿಸಿದರೆ ಆರಿದ ಮೇಲೆ ಕೊಬ್ಬರಿ ಮಿಠಾಯಿಯಂತೆ ಗಟ್ಟಿಯಾಗುತ್ತದೆ. ಪಾತ್ರೆ, ತಟ್ಟೆ, ಒಲೆ ಎಲ್ಲವೂ ಒಂದೇ.

ಮೊದಲನೆಯದು ಅಂಗಡಿಯ ಅಕ್ಕಿಹಿಟ್ಟು. 1 ಬಟ್ಟಲು ಹಿಟ್ಟಿಗೆ 1 ಬಟ್ಟಲು ನೀರು ಕುದಿಸಿ, ಉಪ್ಪು, ತುಪ್ಪ ಹಾಕಿ, ಹಿಟ್ಟು ಸುರಿದು, ಮುಚ್ಚಿಟ್ಟು, ಬಿಸಿಯಿದ್ದಾಗಲೇ ನಾದುವುದು. ಅಕ್ಕಿಯಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ನೀರು ಬಿದ್ದು ಪಿಷ್ಟ ಬೆಂದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ಒಣ ಅಕ್ಕಿ ಬೀಸಿದ ಹಿಟ್ಟು ತರಿತರಿ, ಒಳಗೊಳಗೇ ಬೇಯದೆ ಉಳಿಯುತ್ತದೆ. ನಿಂಬೆ ಗಾತ್ರದ ಉಂಡೆ ತೆಗೆದುಕೊಂಡು ಹೆಬ್ಬೆರಳಿಂದ ಬಟ್ಟಲು ಮಾಡುತ್ತಾ ಹೋದರೆ ಅಂಚಿನಲ್ಲಿ ಬೇಸಿಗೆಯ ಕೆರೆಯಂತೆ ಸೀಳು. ನೀರು ಚಿಮುಕಿಸಿ ತೇಪೆ ಹಾಕಬಹುದು, ಆದರೆ ಹಬೆಗೆ ಮೊದಲು ಬಿಡುವುದು ಆ ತೇಪೆಯೇ. 10 ಮಾಡಿದ್ದರಲ್ಲಿ ನಾಲ್ಕು ಒಡೆದವು. ಉಳಿದವು ಸಂಜೆಯ ಹೊತ್ತಿಗೆ ರಬ್ಬರಾಗಿದ್ದವು.

ಎರಡನೆಯದು ಮನೆಯಲ್ಲೇ ಮಾಡಿದ ಹಿಟ್ಟು. ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಪಂಚೆಯ ಮೇಲೆ ಹರಡಿ, ಇನ್ನೂ ತುಸು ಪಸೆ ಇರುವಾಗಲೇ ಮಿಕ್ಸಿಗೆ ಹಾಕಿ ಜರಡಿ ಹಿಡಿಯಬೇಕು. ಹಿಟ್ಟು ಮುಟ್ಟಿದರೆ ಪೌಡರಿನ ಹಾಗೆ ನುಣುಪು. ಇಲ್ಲಿ ನಾನು ಎಡವಿದ್ದು ನೀರಿನ ಅಳತೆಯಲ್ಲಿ. ಹಿಟ್ಟಿನಲ್ಲೇ ಪಸೆ ಇರುತ್ತದೆಂಬುದನ್ನು ಮರೆತು ಸಮಸಮ ಹಾಕಿದೆ. ಕಣಕ ಅಂಗೈಗೆ ಮೆತ್ತಿಕೊಂಡಿತು. ಮುಕ್ಕಾಲು ಬಟ್ಟಲಿಗೆ ಇಳಿಸಿದ ಮೇಲೆ ಸರಿಹೋಯಿತು. ಒಡೆದದ್ದು ಒಂದೇ, ಬಣ್ಣವೂ ಬೆಳ್ಳಗೆ. ಆದರೆ ಅರ್ಧ ದಿನ ಕಳೆದುಹೋಯಿತು, ಮಿಕ್ಸಿ ಮೂರು ಸಲ ಬಿಸಿಯೇರಿ ನಿಂತಿತು. ಹಬ್ಬದ ದಿನ ಬೆಳಿಗ್ಗೆ ಇದನ್ನು ಹಚ್ಚಿಕೊಳ್ಳುವ ಧೈರ್ಯ ನನಗಿಲ್ಲ.

ಮೂರನೆಯದರ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಸೋನಾಮಸೂರಿ ಅಕ್ಕಿ 1 ಬಟ್ಟಲು, ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬುವುದು. ನೀರು ಎಲ್ಲ ಸೇರಿ 2 ಬಟ್ಟಲು. ನೋಡಿದರೆ ನೀರುದೋಸೆಗೆ ಕಲಸಿದಂತಿತ್ತು, ‘ಇದರಲ್ಲೆಂಥ ಮೋದಕ’ ಅನ್ನಿಸಿತು. ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಕೊಬ್ಬರಿ ಎಣ್ಣೆ, ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿದೆ. ಮೂರು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ತಳದಲ್ಲಿ ಒಂದೆರಡು ಗಂಟು, ಕೆಟ್ಟಿತೆಂದುಕೊಳ್ಳುವಷ್ಟರಲ್ಲಿ ಇಡೀ ಹಿಟ್ಟು ಸೌಟಿಗೆ ಸುತ್ತಿಕೊಂಡು ಬಾಣಲೆ ಬಿಟ್ಟು ಬರುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಒದ್ದೆ ಬಟ್ಟೆ ಮುಚ್ಚಿ, ಕೈಗೆ ಎಣ್ಣೆ ಸವರಿ ತಟ್ಟಿದರೆ ಎಷ್ಟು ತೆಳುವಾದರೂ ಅಂಚು ಬಿರಿಯಲಿಲ್ಲ. ಹತ್ತಕ್ಕೆ ಹತ್ತೂ ನಿಂತವು. ಬೆಂದ ಸಿಪ್ಪೆಯ ಒಳಗಿನಿಂದ ಬೆಲ್ಲದ ಕಂದು ಬಣ್ಣ ನಸುವಾಗಿ ಕಾಣುತ್ತಿತ್ತು. ನನ್ನ ಓಟು ಇದಕ್ಕೇ. ತೋಳು ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅಚ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಅಚ್ಚಿನಲ್ಲಿ ಮೋದಕಗಳೆಲ್ಲ ಅವಳಿಜವಳಿ, ನೋಟಕ್ಕೆ ಬಲು ಚೆಂದ. ಆದರೆ ಗೋಡೆ ದಪ್ಪ, ಹೂರಣಕ್ಕೆ ಜಾಗವೇ ಇಲ್ಲ. ಬಾಯಿಗಿಟ್ಟರೆ ಹಿಟ್ಟೇ ಹಿಟ್ಟು. ಮಹಾರಾಷ್ಟ್ರದವರು ಉಕಡೀಚೆ ಮೋದಕಕ್ಕೆ ಬೆರಳಲ್ಲಿ ಎತ್ತುವ ನೆರಿಗೆಗಳು ನನಗೆ ಐದಾರರ ಮೇಲೆ ಬರಲಿಲ್ಲ. ಸುಮ್ಮನೆ ಮಡಚಿ ಅರ್ಧಚಂದ್ರದ ಕಡುಬು ಮಾಡಿದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ, ರುಚಿ ಅದೇ.

ಬೇಯಿಸುವುದು 10ರಿಂದ 12 ನಿಮಿಷ. ಕುಕ್ಕರಾದರೆ ವೆಯ್ಟ್ ಹಾಕಬಾರದು. ಮುಚ್ಚಳಕ್ಕೆ ಬಟ್ಟೆ ಕಟ್ಟದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಮೇಲ್ಮೈ ಲೋಳೆಯಾಗುತ್ತದೆ.

ಕಣಕದ ತಲೆನೋವೇ ಬೇಡ ಎನ್ನುವವರಿಗೆ ಕರಾವಳಿಯ ಅರಿಶಿನ ಎಲೆಯ ಕಡುಬು ಇದೆ; ಕೊಂಕಣಿಯವರು ನಾಗರಪಂಚಮಿಗೆ ಮಾಡುವ ಪಾತೋಳಿ. ರುಬ್ಬಿದ ಗಟ್ಟಿ ಹಿಟ್ಟನ್ನು ಹಸಿಯಾಗಿಯೇ ಎಲೆಗೆ ತೆಳ್ಳಗೆ ಬಳಿದು, ಹೂರಣ ಹರಡಿ, ಎಲೆಯನ್ನು ಉದ್ದಕ್ಕೆ ಮಡಚಿ, 20 ನಿಮಿಷ ಹಬೆಗಿಟ್ಟರೆ ಆಯಿತು. ಮಗುಚುವುದಿಲ್ಲ, ನಾದುವುದಿಲ್ಲ, ಒಡೆಯುವ ಭಯವಿಲ್ಲ. ಮುಚ್ಚಳ ತೆಗೆದಾಗ ಅಡುಗೆಮನೆ ತುಂಬುವ ಆ ಘಮಕ್ಕೆ ಉಳಿದ ಮೂರರಲ್ಲಿ ಯಾವುದೂ ಸಾಟಿಯಲ್ಲ. ಎಲೆ ಸಿಗುವುದು ಮಳೆಗಾಲದಲ್ಲಿ ಮಾತ್ರ ಎಂಬುದೊಂದೇ ಕೊರತೆ. ಅದಕ್ಕೆಂದೇ ಬಾಲ್ಕನಿಯ ಕುಂಡದಲ್ಲಿ ಎರಡು ಅರಿಶಿನದ ಕೊಂಬು ಹೂತಿದ್ದೇನೆ. ಸದ್ಯಕ್ಕೆ ಬಂದಿರುವುದು ಐದು ಎಲೆ. ಅತ್ತೆ ದಿನಾ ಎಣಿಸುತ್ತಿದ್ದಾರೆ.