ಬೋನು, ಗಮ್ ಪ್ಯಾಡ್, ಪಾಷಾಣ: ಒಂದು ವರ್ಷ ಎಲ್ಲವನ್ನೂ ಇಟ್ಟು ನೋಡಿದ ಮೇಲೆ

ಹೋದ ವರ್ಷ ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ನಮ್ಮ ಮನೆ ಅಟ್ಟದಲ್ಲಿ ರಾತ್ರಿಯಿಡೀ ಇಲಿಗಳ ಓಡಾಟ ಶುರುವಾಯಿತು. ಸಾಗರದ ಕಡೆಯ ಹಳೇ ಹೆಂಚಿನ ಮನೆ ನಮ್ಮದು. ಪಕ್ಕದಲ್ಲೇ ಕೊಟ್ಟಿಗೆ, ಹಿಂದೆ ತೋಟ. ಒಂದು ವಾರದಲ್ಲಿ ಎರಡು ಅಕ್ಕಿ ಚೀಲ ತೂತಾದವು, ಫ್ರಿಜ್ಜಿನ ವೈರು ತುಂಡಾಯಿತು. ಆಮೇಲೆ ಪೇಟೆಯಲ್ಲಿ ಸಿಗುವುದನ್ನೆಲ್ಲ ಒಂದೊಂದಾಗಿ ತಂದು ನೋಡಿದೆ. ಯಾವುದು ಹಿಡಿಯಿತು, ಯಾವುದು ಬರೀ ದುಡ್ಡು ದಂಡ ಅಂತ ಬರೆಯುತ್ತಿದ್ದೇನೆ.

ಬೋನು ತರುವ ಮೊದಲು ಬಂದಿರುವುದು ಯಾರು ಅಂತ ನೋಡಿ. ನಾನು ನೋಡಲಿಲ್ಲ, ಅದಕ್ಕೇ ಮೊದಲ ಹತ್ತು ದಿನ ಹಾಳಾಯಿತು. ಅಡಿಗೆಮನೆಯಲ್ಲಿಟ್ಟ ಬೋನಿಗೆ ಎರಡು ಸಲ ಬಿದ್ದದ್ದು ಮೂಗಿಲಿ. ಚೂಪು ಮೂತಿ, ಕೆಟ್ಟ ವಾಸನೆ, ಗೋಡೆ ಅಂಚಿನಲ್ಲೇ ಚಿಕ್ ಚಿಕ್ ಅಂತ ಓಡುತ್ತದಲ್ಲ, ಅದು. ಅದು ಇಲಿ ಜಾತಿಯೇ ಅಲ್ಲ, ತಿನ್ನುವುದು ಜಿರಳೆ ಮತ್ತು ಹುಳ. ಹಿತ್ತಲಿಗೆ ಬಿಟ್ಟುಬಿಡಿ.

ಹಿಕ್ಕೆ ನೋಡಿದರೆ ಅರ್ಧ ಗೊತ್ತಾಗುತ್ತದೆ. ಅಕ್ಕಿ ಕಾಳಿನಷ್ಟಿದ್ದರೆ ಸಣ್ಣ ಇಲಿ. ಅದರ ಎರಡರಷ್ಟು ಉದ್ದ, ಎರಡೂ ತುದಿ ಚೂಪಾಗಿದ್ದರೆ ಅಟ್ಟದ ಇಲಿ, ಮೈಗಿಂತ ಬಾಲವೇ ಉದ್ದ ಇರುವುದು. ಅದು ತೆಂಗಿನ ಮರವನ್ನೂ ಹತ್ತುತ್ತದೆ, ಮರದ ಕೆಳಗೆ ತೊಟ್ಟಿನ ಹತ್ತಿರ ತೂತಾದ ಎಳೆಕಾಯಿ ಬಿದ್ದಿದ್ದರೆ ಅದರದೇ ಕೆಲಸ. ಕೊಟ್ಟಿಗೆ ಗೋಡೆ ಬುಡದಲ್ಲಿ ಕೈ ಹೋಗುವಷ್ಟು ದೊಡ್ಡ ಬಿಲ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣ. ಸಂಜೆ ಬಿಲದ ಬಾಯಿಗೆ ಒಣ ಸೊಪ್ಪು ತುರುಕಿ ಇಡಿ, ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಒಳಗೆ ಜೀವ ಇದೆ ಅಂತ. ಮನೆಯೊಳಗೆ ನೆಲಕ್ಕೆ ತೆಳ್ಳಗೆ ಒಲೆ ಬೂದಿ ಉದುರಿಸಿದರೆ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಅಂತ ಹೆಜ್ಜೆಯಲ್ಲೇ ಕಾಣುತ್ತದೆ. ನಮ್ಮ ಮನೆಯಲ್ಲಿ ಮೂರೂ ಇದ್ದವು.

ಸರಿಗೆ ಬೋನು ಮತ್ತು ಹಲಗೆ ಮೇಲಿನ ಸ್ಪ್ರಿಂಗ್ ಬೋನು, ಇವೆರಡರಲ್ಲಿ ಯಾವುದು ಅಂತ ಜಾಸ್ತಿ ಜನ ಕೇಳುತ್ತಾರೆ. ಅಟ್ಟದ ಇಲಿಗೆ ಸರಿಗೆ ಬೋನೇ ಸರಿ, ಆದರೆ ತಂದ ದಿನವೇ ಬೀಳಬೇಕು ಅಂತ ಕಾಯಬೇಡಿ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಭಯ, ಹತ್ತಿರ ಸುಳಿಯುವುದಿಲ್ಲ. ಮೊದಲು ಮೂರು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿಟ್ಟೆ, ಒಳಗೆ ಬೆಂಕಿಯಲ್ಲಿ ಸುಟ್ಟ ಕೊಬ್ಬರಿ ಚೂರು. ಎರಡನೇ ರಾತ್ರಿಯಿಂದ ಕೊಬ್ಬರಿ ಖಾಲಿ ಆಗತೊಡಗಿತು. ನಾಲ್ಕನೇ ರಾತ್ರಿ ಬಾಗಿಲು ಹೂಡಿದೆ. ಒಂಬತ್ತು ದಿನಕ್ಕೆ ಏಳು ಬಿದ್ದವು. ತೊಂದರೆ ಏನೆಂದರೆ, ಜೀವಂತ ಬಿದ್ದದ್ದನ್ನು ಏನು ಮಾಡುವುದು? ದೂರ ಬಿಟ್ಟು ಬಂದರೆ ಇನ್ನೊಬ್ಬರ ಗದ್ದೆಗೆ ಕಾಟ ಹೊರಿಸಿದ ಹಾಗೆ. ನನಗೆ ಇವತ್ತಿಗೂ ಇದಕ್ಕೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಸ್ಪ್ರಿಂಗ್ ಬೋನು ಸಣ್ಣ ಇಲಿಗೆ. ಅದಕ್ಕೆ ಹೊಸದರ ಹೆದರಿಕೆ ಕಡಿಮೆ, ಮೊದಲ ರಾತ್ರಿಯೇ ಎರಡು ಬಿದ್ದವು. ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ ಅಡ್ಡಲಾಗಿ ಇಡಬೇಕು, ಇಲಿ ಗೋಡೆ ಬಿಟ್ಟು ಓಡುವುದಿಲ್ಲ. ಸರಿಯಾಗಿ ಬಿದ್ದರೆ ಒಂದೇ ಏಟಿಗೆ ಮುಗಿಯುತ್ತದೆ, ನರಳುವುದಿಲ್ಲ. ಮಕ್ಕಳ ಬೆರಳು, ಬೆಕ್ಕಿನ ಕಾಲು ಹೋಗದ ಜಾಗ ನೋಡಿಕೊಳ್ಳಿ ಅಷ್ಟೇ.

ಗಮ್ ಪ್ಯಾಡ್ ಬೇಡ. ಸಣ್ಣ ಇಲಿ ಅಂಟುತ್ತದೆ ನಿಜ, ಆದರೆ ಬೆಳಗಿನವರೆಗೆ ಕೂಗುತ್ತಲೇ ಇತ್ತು, ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ಎರಡನೇ ಪ್ಯಾಡಿಗೆ ಒಂದು ಹಲ್ಲಿ, ಒಂದು ಕಪ್ಪೆ ಅಂಟಿಕೊಂಡವು. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸಿದೆ, ಕಪ್ಪೆ ಉಳಿಯಿತು. ಅಟ್ಟದಲ್ಲಿ ಧೂಳು ಕೂತು ಮೂರೇ ದಿನಕ್ಕೆ ಅಂಟೂ ಹೋಯಿತು.

ಪಾಷಾಣದ ವಿಷಯ ಸ್ವಲ್ಪ ಉದ್ದ ಹೇಳಬೇಕು. ಅಂಗಡಿಯಲ್ಲಿ ಸಿಗುವುದು ಎಲ್ಲ ಒಂದೇ ಅಲ್ಲ. ಕಪ್ಪು ಪುಡಿ ಇದೆಯಲ್ಲ, ಜಿಂಕ್ ಫಾಸ್ಫೈಡ್, ಅದು ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ವಿಷದ ಗಾಳಿ ಬಿಡುತ್ತದೆ. ಬೇಗ ಸಾಯುತ್ತವೆ, ಆದರೆ ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಅದಕ್ಕೇ ಎರಡು ಮೂರು ದಿನ ವಿಷ ಇಲ್ಲದ ನುಚ್ಚು ಇಟ್ಟು ರೂಢಿ ಮಾಡಿಸಿ ಆಮೇಲೆ ಬೆರೆಸುತ್ತಾರೆ. ಇದನ್ನು ಮನುಷ್ಯರು ತಿಂದರೆ ಇಳಿಸುವ ಮದ್ದು ಇಲ್ಲ. ಹಳದಿ ರಂಜಕದ ಪೇಸ್ಟಿಗೂ ಇಲ್ಲ, ಅದು ಲಿವರ್ ಕೆಡಿಸುತ್ತದೆ. ಮಕ್ಕಳಿರುವ ಮನೆಗೆ ಇವೆರಡನ್ನೂ ತರಲೇಬೇಡಿ.

ನಾನು ತಂದದ್ದು ಬ್ರೋಮಾಡಿಯೋಲೋನ್ ಬಿಲ್ಲೆ. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಇಲಿ ಸಾಯಲು ಕೆಲವು ದಿನ ಬೇಕು, ಹಾಗಾಗಿ ಬಿಲ್ಲೆ ಮೇಲೆ ಅದಕ್ಕೆ ಅನುಮಾನ ಬರುವುದಿಲ್ಲ. ಕೆಲಸ ಮಾಡಿತು. ಆದರೆ ಆ ಕೆಲವು ದಿನ ಇಲಿ ಮಂಕಾಗಿ ಓಡಾಡುತ್ತದೆ, ಅಂಥವನ್ನು ನಮ್ಮ ಬೆಕ್ಕು ಒಂದೆರಡಲ್ಲ, ಸುಮಾರು ಹಿಡಿದು ತಿಂದಿತು. ಎರಡು ವಾರಕ್ಕೆ ಅದರ ವಸಡಿನಲ್ಲಿ ರಕ್ತ. ಪಶು ವೈದ್ಯರಿಗೆ ಬಿಲ್ಲೆಯ ಪ್ಯಾಕೆಟ್ ತೋರಿಸಿದ್ದರಿಂದ ತಕ್ಷಣ ವಿಟಮಿನ್ ಕೆ ಶುರು ಮಾಡಿದರು, ಮೂರು ವಾರ ಔಷಧಿ ಆಯಿತು, ಬದುಕಿತು. ಪ್ಯಾಕೆಟ್ ಎಸೆಯಬೇಡಿ ಅಂತ ಅದಕ್ಕೇ ಹೇಳುತ್ತಿದ್ದೇನೆ. ಸತ್ತ ಇಲಿ ಅಟ್ಟದ ಯಾವ ಸಂದಿಯಲ್ಲಿದೆ ಅಂತ ಸಿಗದೆ ಹದಿನೈದು ದಿನ ಮನೆಯೆಲ್ಲ ನಾರಿತು. ಇನ್ನು, ನಮ್ಮ ತೋಟದ ಕೇರೆ ಹಾವು, ಗೂಬೆ ಎಲ್ಲ ಅದೇ ಇಲಿ ತಿನ್ನುವವು. ಅವನ್ನು ಕೊಂದುಕೊಂಡರೆ ಮುಂದಿನ ವರ್ಷ ಇಲಿ ಹಿಡಿಯುವವರು ಯಾರು?

ಪ್ಲಗ್ಗಿಗೆ ಹಾಕುವ ಶಬ್ದದ ಯಂತ್ರವನ್ನೂ ತಂದೆ. ಅದರ ಪಕ್ಕದಲ್ಲೇ ಹೊಸ ಹಿಕ್ಕೆ ಇತ್ತು.

ಕೊನೆಗೆ ನಿಜವಾದ ವ್ಯತ್ಯಾಸ ಮಾಡಿದ್ದು ಸಂದು ಮುಚ್ಚಿದ್ದು. ಸಣ್ಣ ಇಲಿಗೆ ಪೆನ್ಸಿಲ್ ಹೋಗುವಷ್ಟು, ಅಂದರೆ 6 ಮಿಲಿಮೀಟರ್ ಸಂದು ಸಾಕು. ಬಾಗಿಲಿನ ಕೆಳಗೆ ತಗಡು ಹೊಡೆಸಿದೆ, ಬಚ್ಚಲ ನೀರು ಹೋಗುವ ತೂತಿಗೆ ದಪ್ಪ ಜಾಲರಿ ಹಾಕಿದೆ. ಹೆಂಚಿನ ಮಾಡನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ, ಆದರೆ ಮಾಡಿಗೆ ತಾಗುತ್ತಿದ್ದ ಹಲಸಿನ ಕೊಂಬೆ ಕಡಿಸಿದ ವಾರವೇ ಅಟ್ಟದ ಸದ್ದು ಅರ್ಧಕ್ಕಿಳಿಯಿತು. ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಒಂದು ಮೊಳ ಅಗಲದ ತಗಡು ಸುತ್ತಿಸಿದೆ. ಗರಿ ಗರಿ ತಾಗುವ ಮರಗಳಲ್ಲಿ ಇದರಿಂದ ಪ್ರಯೋಜನ ಇಲ್ಲ, ಒಂದರಿಂದ ಒಂದಕ್ಕೆ ದಾಟುತ್ತವೆ. ಹಿಂಡಿ ಚೀಲಗಳನ್ನು ಮುಚ್ಚಳದ ಡ್ರಮ್ಮಿಗೆ ಹಾಕಿದ್ದೇ ಹೆಗ್ಗಣಕ್ಕೆ ದೊಡ್ಡ ಏಟು. ಅದಕ್ಕೂ ಮೊದಲು ಬಿಲಕ್ಕೆ ಕೊಡಗಟ್ಟಲೆ ನೀರು ಸುರಿದು ಸುಸ್ತಾಗಿದ್ದೆ, ಅದಕ್ಕೆ ಇನ್ನೊಂದು ಬಾಯಿ ಇರುತ್ತದೆ. ದೊಡ್ಡ ಬೋನು ತಂದು, ಉರುಳಿಸದ ಹಾಗೆ ಮೇಲೆ ಕಲ್ಲು ಹೇರಿ ಎರಡನ್ನು ಹಿಡಿದೆ. ಆಮೇಲೆ ಬಿಲಕ್ಕೆ ಗಾಜಿನ ಚೂರು ಬೆರೆಸಿದ ಸಿಮೆಂಟ್ ತುಂಬಿದೆ.

ಅಟ್ಟ ಗುಡಿಸುವಾಗ ಒಣ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಹಾಕಿ. ಇಲಿ ಜ್ವರ ಬರುವುದು ಅವುಗಳ ಮೂತ್ರದಿಂದ, ಕಾಲಲ್ಲಿ ಗಾಯ ಇದ್ದರೆ ಕೊಟ್ಟಿಗೆ ಕೊಚ್ಚೆಗೆ ಬರಿಗಾಲಲ್ಲಿ ಇಳಿಯಬೇಡಿ.

ಈ ಮಳೆಗಾಲದಲ್ಲಿ ಬೋನಿಗೆ ಬಿದ್ದದ್ದು ಮೂರೇ. ಕೊಟ್ಟಿಗೆ ಬಾಗಿಲ ಮೂಲೆಯಲ್ಲಿ ಮೊನ್ನೆ ಹೊಸದಾಗಿ ಕಡಿದ ಗುರುತು ಕಂಡಿತು, ಅಲ್ಲಿಗೂ ತಗಡು ಹೊಡೆಸಿದ್ದೇನೆ.