ಅಲಸಂದೆ ಕಾಳಿಗೆ ಗೋಣಿಚೀಲವೋ, ಮೂರು ಪದರದ ಚೀಲವೋ?

ಅಲಸಂದೆ, ಹೆಸರುಕಾಳಿನ ಹುಳು ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತದೆ. ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಮರಿ ಕಾಳಿನೊಳಗೆ ಕೊರೆದು ಸೇರುತ್ತದೆ. ದುಂಡು ತೂತು ಕಂಡಾಗ ಹುಳು ಆಗಲೇ ಹೊರಬಂದಾಗಿದೆ. ಹಾಗಾಗಿ ಒಳಗಿರುವ ಮರಿಯನ್ನೂ ತಡೆಯುವ ದಾರಿ ಬೇಕು, ಅಲ್ವಾ?

ಗೋಣಿಚೀಲಕ್ಕೆ ಬೇವಿನ ಸೊಪ್ಪು ಹಾಕಿಟ್ಟರೆ ಖರ್ಚು ಕಡಿಮೆ. ಆದರೆ ಗೋಣಿಯ ಸಂದಿನಲ್ಲಿ ಹುಳು ನುಸುಳುತ್ತದೆ, ಸೊಪ್ಪಿನ ಘಾಟೂ ಬೇಗ ಹೋಗುತ್ತದೆ. ಬೇಗ ಮಾರುವವರಿಗೆ ಇದು ಸಾಕು.

ಮೂರು ಪದರದ ಚೀಲ 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ, ಅಲಸಂದೆಗೆಂದೇ ನಡೆದ ಕೆಲಸದಿಂದ ಬಂದದ್ದು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ. ಒಂದೊಂದರ ಬಾಯಿಯನ್ನೂ ಬೇರೆ ಬೇರೆಯಾಗಿ ಬಿಗಿಯಾಗಿ ಕಟ್ಟಬೇಕು. ಹುಳುಗಳೇ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸುತ್ತವೆ. ಆಮೇಲೆ ತಿನ್ನುವುದನ್ನು ಬಿಟ್ಟು ಸಾಯುತ್ತವೆ. ಔಷಧಿ ಬೇಡವೇ ಬೇಡ! ಆದರೆ ಹಸಿ ಕಾಳು ತುಂಬಿದರೆ ಬೂಸ್ಟು ಹಿಡಿಯುತ್ತದೆ, ಇಲಿ ಕಚ್ಚಿದರೆ ಗಾಳಿ ನುಗ್ಗುತ್ತದೆ. ಪದೇಪದೇ ಬಿಚ್ಚಲೂಬಾರದು.

ಬಿತ್ತನೆಗೆಂದು ತಿಂಗಳುಗಟ್ಟಲೆ ಇಡುವವರು ಇದನ್ನೇ ಕೊಳ್ಳಿ. ಅಡುಗೆಮನೆಯ ನಾಲ್ಕೈದು ಕೆಜಿಗೆ ಸುಮ್ನೆ ಚೀಲ ಯಾಕೆ? ಚೆನ್ನಾಗಿ ಒಣಗಿಸಿ, ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.